ಮಳೆಯ ದಾರಿಯಲ್ಲಿ ಜೊತೆಯ ಧರ್ಮ

ಕಲಬುರಗಿ ಜಿಲ್ಲೆಯ ಆಳಂದದಿಂದ ಹೊರಟು, ಅಮರ್ಜಾ ನದಿಯ ಬಯಲು ಹಿಡಿದು ದಕ್ಷಿಣಕ್ಕೆ ಇಳಿದು, ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕಂಡು, ಹೊಳೆ ದಾಟಿ ಜೇವರ್ಗಿ ಸೇರುವ ದಾರಿ ಹೆಚ್ಚುಕಡಿಮೆ ನೂರು ಕಿಲೋಮೀಟರಿನದು. ಸೈಕಲ್ ತುಳಿದು ರೂಢಿಯಿದ್ದ ಇಬ್ಬರು ಗೆಳೆಯರಿಗೆ ಅದು ಒಂದು ಹಗಲಿನ ಹಾದಿ. ಮಳೆಗಾಲದಲ್ಲಿ ಆ ಸೀಮೆ ಕಣ್ಣಿಗೆ ಹಬ್ಬ. ಕರಿ ಎರೆನೆಲದ ಮೇಲೆ ಮೊಳಕಾಲೆತ್ತರ ಬಂದ ತೊಗರಿ, ಅದರ ಸಾಲುಗಳ ನಡುವೆ ಹೆಸರು, ಉದ್ದು, ಹೊಳೆದಂಡೆಯ ಕಬ್ಬು, ಬೆಟ್ಟಗುಡ್ಡಗಳ ಅಡ್ಡಿಯಿಲ್ಲದೆ ನಾಲ್ಕೂ ದಿಕ್ಕಿಗೆ ತೆರೆದ ಆಕಾಶ. ಆ ಆಕಾಶ ಮಾತ್ರ ಒಂದು ಹಗಲಲ್ಲಿ ಹಲವು ಬಾರಿ ಮನಸ್ಸು ಬದಲಿಸುತ್ತದೆ. ಬೆಳಗಿನ ಎಳೆಬಿಸಿಲು ನಂಬಿ ಹೊರಟವರಿಗೆ ಮಧ್ಯಾಹ್ನ ಸೆಕೆ, ಮೂರು ಗಂಟೆಗೆ ಗುಡುಗು, ಸಂಜೆ ಮತ್ತೆ ತೊಳೆದಿಟ್ಟಂಥ ಬಿಸಿಲು. ಇಂಥ ದಿನ ಇಬ್ಬರು ಕೂಡಿ ಸೈಕಲ್ ಮೇಲೆ ಹೋಗುವುದರಲ್ಲಿ ಬಲು ಹಳೆಯದೊಂದು ಧಾರ್ಮಿಕ ಪ್ರಶ್ನೆ ಅಡಗಿದೆ: ನಮ್ಮ ಕೈಯಲ್ಲಿಲ್ಲದ್ದರ ಎದುರು ಮನುಷ್ಯ ಹೇಗೆ ನಡೆದುಕೊಳ್ಳಬೇಕು? ದೈವಕ್ಕೆ ತಲೆಬಾಗಬೇಕೋ, ಪುರುಷಪ್ರಯತ್ನವನ್ನು ನೆಚ್ಚಬೇಕೋ ಎಂದು ನಮ್ಮ ಹಿರಿಯರು ಸಾವಿರಾರು ವರ್ಷ ಚರ್ಚಿಸಿದ್ದಾರೆ. ಈ ಎರಡರಲ್ಲೇ ಪ್ರಶ್ನೆ ತೀರುವುದಿಲ್ಲವೆಂಬುದು ನನ್ನ ವಾದ. ತಿಳಿಯದ ನಾಳೆಯ ಎದುರು ನಮ್ಮ ಧರ್ಮ ಯಾವುದೆಂದು ನಿಶ್ಚಯವಾಗುವುದು, ಜೊತೆಗಿದ್ದವರನ್ನು ಆ ಹೊತ್ತಿನಲ್ಲಿ ನಾವು ಹೇಗೆ ಕಂಡೆವು ಎಂಬುದರಿಂದ.

ಮೊದಲು ಹವೆಯ ಅನಿಶ್ಚಿತತೆ ಎಂಥದೆಂದು ಸರಿಯಾಗಿ ತಿಳಿಯಬೇಕು. ಈ ಭಾಗದ ರೈತ ಮಳೆಯನ್ನು ನಕ್ಷತ್ರಗಳಿಂದ ಎಣಿಸುತ್ತಾನೆ. ಮೇ ಕೊನೆಯ ರೋಹಿಣಿಯಿಂದ ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ ಎಂದು ಸಾಗಿ ಅಕ್ಟೋಬರ್ ಕೊನೆಯ ಸ್ವಾತಿಯವರೆಗೆ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ತಲೆಮಾರುಗಳ ಅನುಭವ ಕಟ್ಟಿದ ಈ ಪಂಚಾಂಗ ಯಾವ ಮಳೆಗೆ ಏನು ಬಿತ್ತಬೇಕು, ಯಾವ ಮಳೆ ತಪ್ಪಿದರೆ ಯಾವ ಬೆಳೆ ಹೋದಂತೆ ಎಂದು ಹೇಳಬಲ್ಲದು. ಇಂದು ಮಧ್ಯಾಹ್ನ ಈ ಹೊಲದ ಮೇಲೆ ಹನಿ ಬೀಳುವುದೇ ಎಂದು ಹೇಳಲಾರದು. ಈಗ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳಿವೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿ ಇದೆ, ಎಲ್ಲರ ಮೊಬೈಲಿನಲ್ಲೂ ಮುನ್ಸೂಚನೆ ಇದೆ. ಅವುಗಳಿಂದ ಆಗುವ ಉಪಕಾರ ದೊಡ್ಡದು. ಆದರೂ ಅವು ಹೇಳುವುದು ಸಾಧ್ಯತೆಯನ್ನು. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ 1963ರಲ್ಲಿ ಪ್ರಕಟಿಸಿದ ಲೇಖನ ಇದಕ್ಕೆ ಕಾರಣ ತಿಳಿಸಿತು. ವಾತಾವರಣದಂಥ ವ್ಯವಸ್ಥೆಯಲ್ಲಿ ಎಲ್ಲವೂ ನಿಯಮಬದ್ಧವಾಗಿದ್ದರೂ, ಆರಂಭದ ಅಳತೆಯಲ್ಲಿನ ಲೆಕ್ಕಕ್ಕೆ ಬಾರದಷ್ಟು ಸಣ್ಣ ವ್ಯತ್ಯಾಸ ಬೆಳೆಯುತ್ತ ಹೋಗಿ ಕೊನೆಗೆ ಬೇರೆಯೇ ಹವೆಯಾಗಿ ನಿಲ್ಲುತ್ತದೆ. ಉಪಕರಣಗಳು ಎಷ್ಟೇ ಸುಧಾರಿಸಿದರೂ ದೂರದ ಮುನ್ಸೂಚನೆಗೆ ಒಂದು ಮಿತಿ ಇದ್ದೇ ಇರುತ್ತದೆ. ಹಾಗಾಗಿ ಅನಿಶ್ಚಿತತೆ ನಮ್ಮ ಅಜ್ಞಾನದಿಂದ ಮಾತ್ರ ಬಂದದ್ದಲ್ಲ. ನಾವು ಬದುಕುವ ಲೋಕ ಇರುವುದೇ ಹಾಗೆ.

ಭೀಮೆಯ ದಂಡೆಯಲ್ಲಿ ಈ ಮಾತಿಗೆ ಇನ್ನೊಂದು ಆಳವಿದೆ. ಭೀಮೆ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದ ಬಳಿ, ಸಹ್ಯಾದ್ರಿಯಲ್ಲಿ. ಕೃಷ್ಣೆಯನ್ನು ಕೂಡುವವರೆಗೆ ಅದರ ಉದ್ದ 861 ಕಿಲೋಮೀಟರ್. ಅಫಜಲಪುರದಲ್ಲಿ ಅದು ತುಂಬಿ ಹರಿಯಬೇಕಾದರೆ ಅಫಜಲಪುರದಲ್ಲಿ ಮಳೆ ಬೀಳಲೇಬೇಕೆಂದಿಲ್ಲ. ಘಟ್ಟದಲ್ಲಿ ಸುರಿದದ್ದು, ಉಜನಿ ಜಲಾಶಯದಿಂದ ಬಿಟ್ಟದ್ದು ಇಲ್ಲಿಯ ಹೊಳೆಯ ಮಟ್ಟವನ್ನು ನಿರ್ಧರಿಸುತ್ತದೆ. ತಲೆಯ ಮೇಲೆ ಒಂದು ಮೋಡವೂ ಇಲ್ಲದ ದಿನ ಸೇತುವೆಯ ಮೇಲೆ ನೀರು ಬರಬಹುದು. ನೆಲದ ಸ್ವಭಾವವೂ ಹೀಗೆಯೇ. ಒಣಗಿದಾಗ ಕಲ್ಲಿನಂತಿರುವ ಎರೆಮಣ್ಣು ಅರ್ಧ ತಾಸಿನ ಮಳೆಗೆ ಅಂಟಾಗುತ್ತದೆ. ಡಾಂಬರು ಬಿಟ್ಟು ಹೊಲದ ದಾರಿಗಿಳಿದ ಸೈಕಲ್ಲಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ರಾಡಿ ಮೆತ್ತಿಕೊಂಡು ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗ ಸೈಕಲ್ಲನ್ನೇ ಹೆಗಲಿಗೇರಿಸಬೇಕು. ಎಲ್ಲೋ ದೂರದ ಕಾರಣ, ಇಲ್ಲಿಯ ನೆಲದ ಗುಣ, ನಾವು ಹೊರಟ ಗಳಿಗೆ ಇವೆಲ್ಲ ಕೂಡಿದಾಗ ದಾರಿ ಒಂದೋ ತೆರೆಯುತ್ತದೆ, ಇಲ್ಲವೇ ಮುಚ್ಚುತ್ತದೆ. ಇದರಲ್ಲಿ ನಮಗೆಂದೇ ಕಳಿಸಿದ ಸಂದೇಶ ಯಾವುದೂ ಇಲ್ಲ. ಬಿಸಿಲು ಬಿದ್ದರೆ ದೇವರು ಒಲಿದ, ಗುಡುಗಿದರೆ ಮುನಿದ ಎಂದು ಓದುವವರು ಲೋಕದ ನಟ್ಟನಡುವೆ ತಮ್ಮನ್ನೇ ನಿಲ್ಲಿಸಿಕೊಳ್ಳುತ್ತಾರೆ. ಸೈಕಲ್ ಸವಾರರಿಗೆ ಅಡ್ಡಿಯಾದ ಅದೇ ಮಳೆಗಾಗಿ ಪಕ್ಕದ ಹೊಲದವರು ವಾರದಿಂದ ಮುಗಿಲು ನೋಡುತ್ತ ಕುಳಿತಿರುತ್ತಾರೆ. ನನ್ನ ಒಂದು ದಿನದ ಸುಖವನ್ನು ಅಳತೆಗೋಲಾಗಿ ಹಿಡಿದು ದೇವರ ಮನಸ್ಸನ್ನು ಅಳೆಯುವುದು ಭಕ್ತಿ ಎನಿಸಲಾರದು.

ಹಾಗಾದರೆ ಮಳೆಯ ಎದುರು ಧರ್ಮಕ್ಕೆ ಏನು ಕೆಲಸ? ಹಳೆಯ ಉತ್ತರಗಳನ್ನು ನೋಡೋಣ. ಒಂದೇ ಗಾಲಿಯಿಂದ ರಥ ಹೇಗೆ ಚಲಿಸದೋ ಹಾಗೆಯೇ ಪುರುಷಕಾರವಿಲ್ಲದೆ, ಅಂದರೆ ಪುರುಷಪ್ರಯತ್ನವಿಲ್ಲದೆ, ದೈವವೂ ಫಲಿಸದು ಎಂಬುದು ಯಾಜ್ಞವಲ್ಕ್ಯ ಸ್ಮೃತಿಯ ಮಾತು. ಅದೃಷ್ಟವಾದಿಗೂ ಅಹಂಕಾರಿಗೂ ಒಟ್ಟಿಗೆ ಕೊಟ್ಟ ಉತ್ತರ ಅದು. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಇನ್ನೂ ಬಿಡಿಸಿ ಹೇಳುತ್ತದೆ. ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣ ಬೇಕು: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ನಮ್ಮ ಸವಾರಿಗೆ ಇದನ್ನು ಹೊಂದಿಸಿದರೆ ಎಲ್ಲವೂ ಸರಿಯಾಗಿ ಕೂಡುತ್ತದೆ. ನೆಲ ಮತ್ತು ದೇಹ ಅಧಿಷ್ಠಾನ, ತುಳಿಯುವವ ಕರ್ತೃ, ಸೈಕಲ್ಲು ಕರಣ, ತುಳಿತ, ತಿರುವು, ಬ್ರೇಕು ಚೇಷ್ಟೆಗಳು, ಮಳೆ ದೈವ. ಐದರಲ್ಲಿ ಒಂದೇ ನಮ್ಮ ಹಿಡಿತ ಮೀರಿದ್ದು. ಆ ಒಂದನ್ನು ಮರೆತು ಎಲ್ಲ ನನ್ನಿಂದಲೇ ಎನ್ನುವವನನ್ನು ಗೀತೆ ದುರ್ಮತಿ ಎಂದೇ ಕರೆಯುತ್ತದೆ. ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೆಟಸ್ ಕೂಡ ಇದೇ ದಾರಿಯಲ್ಲಿ ನಡೆದವನು. ನಮ್ಮ ವಶದಲ್ಲಿರುವುದು, ಇಲ್ಲದಿರುವುದು ಎಂದು ಲೋಕವನ್ನು ಎರಡು ಭಾಗ ಮಾಡಿ, ಎರಡನೆಯದರ ಚಿಂತೆ ಬಿಡು ಎಂದ. ಈ ಉತ್ತರಗಳಿಗೆ ಘನತೆಯಿದೆ. ಆದರೆ ಎಲ್ಲದರಲ್ಲೂ ಕಾಣುವುದು ಒಬ್ಬನೇ ಮನುಷ್ಯ: ಅವನ ಪ್ರಯತ್ನ, ಅವನ ದೈವ, ಅವನ ಸಮಾಧಾನ. ಪಕ್ಕದಲ್ಲಿ ತುಳಿಯುತ್ತಿರುವ ಎರಡನೆಯವ ಈ ಲೆಕ್ಕದಲ್ಲಿ ಎಲ್ಲಿ? ಅವನು ನನ್ನ ಕರಣವಲ್ಲ. ಅವನನ್ನು ಸಾಧನವಾಗಿ ಬಳಸಿದರೆ ಸ್ನೇಹ ಸತ್ತಿತು. ಅವನು ನನ್ನ ವಶದಲ್ಲಿಲ್ಲ, ಆದರೂ ಮಳೆಯಂತೆ ಅವನ ಚಿಂತೆಯನ್ನು ಬಿಟ್ಟುಬಿಡಲಾಗದು. ಎಪಿಕ್ಟೆಟಸನ ಗೆರೆ ಇಲ್ಲಿ ಒಡೆಯುತ್ತದೆ: ನನ್ನ ಹಿಡಿತದಲ್ಲಿಲ್ಲದಿದ್ದರೂ ನನ್ನ ಹೊಣೆಯಾಗಿರುವುದು ಒಂದಿದೆ, ಅದು ಜೊತೆಗಾರ. ಗೀತೆಯ ಪಟ್ಟಿಯಲ್ಲಿ ಅವನ ಹೆಸರಿಲ್ಲದಿದ್ದರೂ ಗೀತೆ ಹುಟ್ಟಿದ ಸನ್ನಿವೇಶದಲ್ಲೇ ಅವನಿದ್ದಾನೆ. ಕೈಕಾಲು ನಡುಗಿ ಬಿಲ್ಲು ಕೆಳಗಿಟ್ಟವನಿಗೆ ಆ ಐದು ಕಾರಣಗಳನ್ನು ಹೇಳಿದವನು ಅದೇ ರಥದಲ್ಲಿ ಕುಳಿತ ಸಖ. ಅರ್ಜುನನನ್ನು ಭಕ್ತ, ಸಖ ಎಂದು ಕೃಷ್ಣ ನಾಲ್ಕನೆಯ ಅಧ್ಯಾಯದಲ್ಲಿ ಬಾಯಿಬಿಟ್ಟು ಕರೆಯುತ್ತಾನೆ. ದೈವ–ಪುರುಷಕಾರಗಳ ತಿಳಿವು ಅರ್ಜುನನಿಗೆ ದಕ್ಕಿದ್ದು ಒಬ್ಬನೇ ಕುಳಿತು ಯೋಚಿಸಿದ್ದರಿಂದಲ್ಲ.

ಸೈಕಲ್ ಪ್ರಯಾಣ ಈ ಮಾತನ್ನು ಮೈಮೇಲೆ ತಂದು ತೋರಿಸುತ್ತದೆ. ಗಾಳಿಯ ಪ್ರತಿರೋಧ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎದುರುಗಾಳಿ ಬೀಸಿದಾಗ ಸವಾರನ ಶಕ್ತಿಯ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಆಗ ಒಬ್ಬ ಮುಂದೆ ನಿಂತು ಗಾಳಿ ಹೊತ್ತರೆ ಹಿಂದಿನವನ ಕಾಲಿಗೆ ಗಮನಾರ್ಹ ಬಿಡುವು ಸಿಗುತ್ತದೆ. ಮುಂಗಾರಿನ ದಿನಗಳಲ್ಲಿ ಈ ಬಯಲಿನಲ್ಲಿ ಗಾಳಿ ಬೀಸುವುದು ಪಡುವಣದಿಂದ, ನೈಋತ್ಯದಿಂದ. ಆಳಂದದಿಂದ ಗಾಣಗಾಪುರದ ಕಡೆ ಇಳಿಯುವವರಿಗೆ ಅದು ಬಲಗಡೆಯಿಂದ ಹೊಡೆಯುವ ಅಡ್ಡಗಾಳಿ. ಅಂಥ ಗಾಳಿಯಲ್ಲಿ ಆಸರೆ ಇರುವುದು ಮುಂದಿನವನ ನೇರ ಹಿಂದೆ ಅಲ್ಲ, ತುಸು ಎಡಕ್ಕೆ ಸರಿದ ಜಾಗದಲ್ಲಿ. ಮುಂದಿನವ ರಸ್ತೆಯ ಅಂಚಿಗೆ ಅಂಟಿಕೊಂಡರೆ ಹಿಂದಿನವನಿಗೆ ಆ ಜಾಗವೇ ಉಳಿಯುವುದಿಲ್ಲ. ಕಾಣದ ಗಾಳಿಯ ಬಗ್ಗೆ, ಬೆನ್ನ ಹಿಂದೆ ಇದ್ದು ಕಾಣದ ಗೆಳೆಯನ ಬಗ್ಗೆ ಮುಂದಿನವ ಯೋಚಿಸಿದರೆ ಮಾತ್ರ ಆಸರೆ ಹುಟ್ಟುತ್ತದೆ. ಗಾಳಿಯನ್ನು ಇಬ್ಬರಲ್ಲಿ ಯಾರೂ ಕಡಿಮೆ ಮಾಡಲಾರರು. ಸರದಿಯ ಮೇಲೆ ಹೊರಬಲ್ಲರು. ದೈವ ಇದ್ದಲ್ಲೇ ಇದೆ, ಪುರುಷಕಾರದ ಮೊತ್ತವೂ ಬೆಳೆದಿಲ್ಲ, ಆದರೆ ಭಾರ ಹಂಚಿಕೊಂಡಿತು. ಎರಡು ಗಾಲಿಯ ಹಳೆಯ ಲೆಕ್ಕದಲ್ಲಿ ಕಾಣದ ಮೂರನೆಯದು ಇದೇ.

ಇನ್ನೂ ಕಠಿಣವಾದದ್ದು ನಿಲ್ಲುವ ತೀರ್ಮಾನ. ಮೋಡ ಕವಿಯುತ್ತದೆ, ದೂರದಲ್ಲಿ ಮಿಂಚುತ್ತದೆ. ಮುಂದಿನ ಊರು ಆರು ಕಿಲೋಮೀಟರ್ ಇರಬಹುದು, ಹಿಂದಿನ ಶಾಲೆಯ ಪಡಸಾಲೆ ಎರಡು ಕಿಲೋಮೀಟರ್. ತೆರೆದ ತೊಗರಿ ಬಯಲಿನಲ್ಲಿ ಒಂಟಿ ಬೇವಿನ ಮರ ಆಸರೆಯಂತೆ ಕಂಡರೂ ಸಿಡಿಲಿಗೆ ಅದೇ ಮೊದಲ ಗುರಿ ಎಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಒಬ್ಬನಿಗೆ ಮುಂದೆ ಹೋಗುವ ಹುರುಪು, ಇನ್ನೊಬ್ಬನಿಗೆ ಭಯ. ಯಾರ ಮಾತು ನಡೆಯಬೇಕು? ಹೆದರಿದವನ ಮಾತು ನಡೆಯಬೇಕು ಎನ್ನುತ್ತೇನೆ. ಹಾಗಾದರೆ ಅಂಜುಬುರುಕರೇ ಎಲ್ಲ ತೀರ್ಮಾನ ಮಾಡುತ್ತಾರೆ, ಸಾಹಸಕ್ಕೆ ಎಡೆಯೇ ಇಲ್ಲ ಎಂದು ಯಾರಾದರೂ ಕೇಳಬಹುದು. ಒಬ್ಬನೇ ಹೋಗುವವನ ಸಾಹಸಕ್ಕೆ ನನ್ನ ತಕರಾರಿಲ್ಲ, ಅವನು ತನ್ನ ಜೀವವನ್ನು ತಾನೇ ಪಣಕ್ಕಿಡುತ್ತಾನೆ. ಜೊತೆಗೆ ಹೊರಟಾಗ ನನ್ನ ಧೈರ್ಯದ ಬೆಲೆಯನ್ನು ಇನ್ನೊಬ್ಬರೂ ತೆರಬೇಕಾಗುತ್ತದೆ. ಅವರ ಒಪ್ಪಿಗೆ ಇಲ್ಲದ ಧೈರ್ಯ ನನ್ನದೇ ಅಲ್ಲ, ಸಾಲ ತಂದದ್ದು. ಭಯ ಯಾವಾಗಲೂ ಸರಿಯೆಂದು ನಾನು ಹೇಳುತ್ತಿಲ್ಲ. ಮಾತಾಡಿ ಭಯ ಕಳೆದರೆ ಇಬ್ಬರೂ ಮುಂದೆ ಹೋಗಲಿ. ಕಳೆಯದ ಭಯವನ್ನು ಅಣಕಿಸಿ ಎಳೆದೊಯ್ದರೆ, ಮಳೆ ಬಾರದೆ ಸುಖವಾಗಿ ಜೇವರ್ಗಿ ತಲುಪಿದರೂ ನಡೆದದ್ದು ಅಧರ್ಮವೇ. ಫಲ ಒಳ್ಳೆಯದಾಯಿತೆಂದು ಆ ತಪ್ಪು ಅಳಿಯುವುದಿಲ್ಲ, ಏಕೆಂದರೆ ಫಲ ಕೊಟ್ಟದ್ದು ಮೋಡ. ಜೊತೆಗಾರನನ್ನು ಕಡೆಗಣಿಸಿದ್ದು ನಾವು.

ಇದು ಸೈಕಲ್ಲಿನ ನೀತಿಯೇ ಹೊರತು ಧರ್ಮದ ಮಾತಲ್ಲ ಎನಿಸಿದರೆ, ಈ ಹೊಳೆಯ ದಂಡೆಯ ಸಂಪ್ರದಾಯಗಳನ್ನೇ ಸಾಕ್ಷಿಗೆ ಕರೆಯಬಹುದು. ಇದೇ ಭೀಮೆ ಮೇಲುಗಡೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಹರಿಯುತ್ತದೆ. ಆಷಾಢದ ವಾರಿ ಎಂಬ ಕಾಲ್ನಡಿಗೆಯ ಯಾತ್ರೆಗೆ ದೇಹು, ಆಳಂದಿಗಳಿಂದ ಹೊರಟ ಪಾಲಖಿಗಳು ಸುಮಾರು ಮೂರು ವಾರ ನಡೆದು ಶುಕ್ಲ ಏಕಾದಶಿಗೆ ಅಲ್ಲಿ ಸೇರುತ್ತವೆ. ಮಳೆ ಹಿಡಿದುಕೊಳ್ಳುವ ಕಾಲವನ್ನೇ ಆ ಯಾತ್ರೆ ಆರಿಸಿಕೊಂಡಿದೆ. ಅದೇ ಏಕಾದಶಿಯಿಂದ ಚಾತುರ್ಮಾಸ್ಯ ಮೊದಲಾಗುತ್ತದೆ. ಊರೂರು ಅಲೆಯುವ ಸನ್ನ್ಯಾಸಿಗಳು ಮಳೆಗಾಲಕ್ಕೆ ಒಂದೆಡೆ ನಿಲ್ಲಬೇಕು, ನೆಲದ ತುಂಬ ಹುಟ್ಟಿಕೊಂಡ ಸಣ್ಣ ಜೀವಗಳನ್ನು ತುಳಿಯಬಾರದು ಎಂಬ ಕಟ್ಟಳೆ ಬೌದ್ಧ, ಜೈನ, ವೈದಿಕ ಮೂರೂ ದಾರಿಗಳಲ್ಲಿದೆ. ಒಂದು ಸಂಪ್ರದಾಯ ಮಳೆಯಲ್ಲಿ ನಡೆ ಎನ್ನುತ್ತದೆ, ಇನ್ನೊಂದು ಮಳೆಗೆ ನಿಲ್ಲು ಎನ್ನುತ್ತದೆ. ಎರಡೂ ಧರ್ಮವಾಗುವುದು ಹೇಗೆ? ಮಳೆಯನ್ನು ಗೆಲ್ಲುವುದೋ ಮಳೆಗೆ ಸೋಲುವುದೋ ಧರ್ಮದ ತಿರುಳಾಗಿದ್ದರೆ ಇವೆರಡರಲ್ಲಿ ಒಂದು ತಪ್ಪಿರಲೇಬೇಕಿತ್ತು. ವಾರಿಗೆ ಹೊರಟ ವಾರಕರಿ ನಡೆಯುವುದು ದಿಂಡಿ ಎಂಬ ಗುಂಪಿನ ಜೊತೆ. ಪ್ರತಿ ದಿಂಡಿಗೂ ಪಾಲಖಿಯ ರಥದ ಮುಂದೆ ಅಥವಾ ಹಿಂದೆ ಗೊತ್ತಾದ ಜಾಗವಿದೆ, ಎಲ್ಲರದೂ ಒಂದೇ ಹೆಜ್ಜೆ, ಒಬ್ಬರನ್ನೊಬ್ಬರು ಮಾವುಲಿ, ಅಂದರೆ ತಾಯಿ, ಎಂದು ಕರೆದು ಕಾಲಿಗೆರಗುತ್ತಾರೆ. ಸನ್ನ್ಯಾಸಿ ನಿಲ್ಲುವುದು ಕಾಲಡಿಯ ಜೀವಿಗಳಿಗಾಗಿ. ನಡೆದವರೂ ನಿಂತವರೂ ಇನ್ನೊಂದು ಜೀವವನ್ನು ಲೆಕ್ಕಕ್ಕೆ ತೆಗೆದುಕೊಂಡೇ ತಮ್ಮ ಹೆಜ್ಜೆಯನ್ನು ನಿರ್ಧರಿಸಿದ್ದಾರೆ. ಮಳೆಯೇ ಬಾರದಾಗ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಳೆಯ ದೇವರೆಂದು ಪೂಜಿಸುವ ಗುರ್ಜಿ ಹೊತ್ತು ಮನೆಮನೆಗೆ ಹೋಗಿ ಕಾಳು ಕೂಡಿಸುತ್ತಾರೆ. ಮುಸ್ಲಿಮರು ಬಯಲಿನಲ್ಲಿ ಸೇರಿ ಮಳೆಗಾಗಿ ವಿಶೇಷ ನಮಾಜು ಮಾಡುತ್ತಾರೆ. ಇವು ಮೋಡವನ್ನು ಕರಗಿಸುತ್ತವೆಯೋ ಇಲ್ಲವೋ ಎಂಬ ತರ್ಕ ಬೇರೆ. ಕೈಮೀರಿದ್ದರ ಎದುರು ಮನುಷ್ಯ ಮೊದಲು ಮಾಡುವ ಕೆಲಸ ಒಟ್ಟುಗೂಡುವುದು ಎಂಬುದನ್ನಂತೂ ಅವು ತೋರಿಸುತ್ತವೆ.

ಗಾಣಗಾಪುರದ ಮಧುಕರಿ ಇದೇ ವಿಚಾರದ ಇನ್ನೊಂದು ಮುಖ. ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ನರಸಿಂಹ ಸರಸ್ವತಿಗಳು ನೆಲೆಸಿ, ನಿರ್ಗುಣ ಪಾದುಕೆಗಳನ್ನು ಬಿಟ್ಟುಹೋದ ಕ್ಷೇತ್ರವೆಂದು ಗುರುಚರಿತ್ರೆ ಹೇಳುವ ಈ ಊರಿನಲ್ಲಿ, ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು ಬಂದ ಯಾತ್ರಿಕರು ಕನಿಷ್ಠ ಐದು ಮನೆಯಲ್ಲಿ ಭಿಕ್ಷೆ ಬೇಡುವ ರೂಢಿ ಇದೆ. ಮಧ್ಯಾಹ್ನದ ಆ ಹೊತ್ತಿಗೆ ದತ್ತಾತ್ರೇಯನೇ ಭಿಕ್ಷುಕನಾಗಿ ಬರುತ್ತಾನೆಂಬ ನಂಬಿಕೆಯಿಂದ ಕೊಡುವವರೂ ಕಾಯುತ್ತಾರೆ. ಮನೆಯಲ್ಲಿ ಉಣ್ಣಲು ಇದ್ದವರೂ ಅಲ್ಲಿ ಜೋಳಿಗೆ ಹಿಡಿಯುತ್ತಾರೆ. ಬೇಡುವವನಿಗೆ ಏನು ಬೀಳುವುದೋ ತಿಳಿಯದು, ನೀಡುವವನಿಗೆ ಬಂದವರು ಯಾರೆಂದು ತಿಳಿಯದು. ಈ ಎರಡು ತಿಳಿಯದಿರುವಿಕೆಗಳು ಅಲ್ಲಿ ಅನ್ನದ ಮೂಲಕ ಸಂಧಿಸುತ್ತವೆ. ತನಗೆ ತಾನೇ ಸಾಕೆಂದುಕೊಂಡವನನ್ನು ಇನ್ನೊಬ್ಬರ ಬಾಗಿಲಿಗೆ ಕರೆತರುವುದೇ ಅನಿಶ್ಚಿತತೆಯ ಧಾರ್ಮಿಕ ಪ್ರಯೋಜನ. ಮಳೆಗೆ ಸಿಕ್ಕಿದ ಸವಾರರು ಹಳ್ಳಿಯ ಕಟ್ಟೆಯ ಮೇಲೆ ನಿಂತಾಗ ಒಳಗಿನಿಂದ ಚಹಾ ಬಂದರೆ ಅಲ್ಲಿಯೂ ನಡೆಯುವುದು ಇದೇ. ಹವೆ ಸರಿಯಾಗಿದ್ದಿದ್ದರೆ ಆ ಬಾಗಿಲನ್ನು ಅವರು ನೋಡದೆ ಸಾಗುತ್ತಿದ್ದರು.

ಇಲ್ಲಿ ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪವನ್ನು ಎದುರಿಸಬೇಕು. ಅನಿಶ್ಚಿತತೆಯನ್ನು ಹೊಗಳುವುದು ಅದನ್ನು ಒಂದು ದಿನದ ಮಟ್ಟಿಗೆ ಆರಿಸಿಕೊಳ್ಳಬಲ್ಲವರ ಐಷಾರಾಮವಲ್ಲವೇ? 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಗಾಣಗಾಪುರದ ಸಂಗಮವೂ ಅಫಜಲಪುರ, ಜೇವರ್ಗಿ ತಾಲೂಕುಗಳ ಹೊಳೆದಂಡೆಯ ಹಳ್ಳಿಗಳೂ ನೀರಲ್ಲಿ ನಿಂತವು. ಜನ ಮನೆ ಬಿಟ್ಟು ಕಾಳಜಿ ಕೇಂದ್ರಗಳಲ್ಲಿ ಉಳಿದರು, ಹೊಲದಲ್ಲಿ ನಿಂತ ತೊಗರಿ ಕೊಳೆಯಿತು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಬಂದರೂ ಆ ಬೆಳೆಯ ಬೇರು ನಿಂತ ನೀರನ್ನು ತಾಳಲಾರದು. ಅಲ್ಲಿ ನಿಂತು ಹವೆಯ ಚಂಚಲತೆ ನಮಗೆ ಪಾಠ ಕಲಿಸುತ್ತದೆ ಎನ್ನುವುದು ಕ್ರೌರ್ಯ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮತ್ತು ಅದು ನನ್ನ ವಾದವನ್ನು ಕೆಡವುವುದಿಲ್ಲ, ಬಿಗಿಗೊಳಿಸುತ್ತದೆ. ಅನಿಶ್ಚಿತತೆ ತನ್ನಷ್ಟಕ್ಕೆ ಪವಿತ್ರವೆಂದು ನಾನು ಹೇಳಿಲ್ಲ. ಮಳೆ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದರ ಎದುರು ಒಬ್ಬರನ್ನೊಬ್ಬರು ಕೈಬಿಟ್ಟರೆ ಕೆಡುಕು, ಹಿಡಿದರೆ ಒಳಿತು. ಆ ಪ್ರವಾಹದಲ್ಲಿ ಧರ್ಮದ ಪ್ರಶ್ನೆ ಇದ್ದದ್ದು ನದಿ ಏಕೆ ಉಕ್ಕಿತು ಎಂಬುದರಲ್ಲಲ್ಲ. ಮೇಲಿನ ಅಣೆಕಟ್ಟಿನ ಸುದ್ದಿ ಕೆಳಗಿನ ಹಳ್ಳಿಗೆ ಸಕಾಲಕ್ಕೆ ಮುಟ್ಟಿತೇ, ದೋಣಿ ಯಾರ ಮನೆಗೆ ಮೊದಲು ಹೋಯಿತು, ಪರಿಹಾರದ ಪಟ್ಟಿಯಲ್ಲಿ ಭೂಮಿಯಿಲ್ಲದ ಕೂಲಿಯವರ ಹೆಸರಿತ್ತೇ ಎಂಬುದರಲ್ಲಿ. ಸೈಕಲ್ಲಿನ ಇಬ್ಬರ ನಡುವೆ ಸಣ್ಣದಾಗಿ ಕಾಣುವ ಹೊಣೆಯೇ ಅಲ್ಲಿ ಊರಗಲವಾಗಿ ಕಾಣುತ್ತದೆ. ಬಯಲಿನ ಚೆಲುವನ್ನು ಸವಿಯಲು ಹೋದವರು ಆ ಬಯಲಿನವರ ಕಷ್ಟವನ್ನು ಚಿತ್ರದಿಂದ ಹೊರಗಿಟ್ಟರೆ ಅವರ ಸವಾರಿ ಬರೀ ವಿಹಾರ. ಕಷ್ಟವನ್ನೂ ಕಂಡರೆ ಯಾತ್ರೆ.

ಎರಡನೆಯ ಆಕ್ಷೇಪ ಶರಣರ ಕಡೆಯಿಂದ ಬರುತ್ತದೆ. ತೀರ್ಥಯಾತ್ರೆಯನ್ನೇ ಅವರು ಪ್ರಶ್ನಿಸಿದರು, ಹೊರಗಿನ ನದಿ–ಕ್ಷೇತ್ರಗಳಿಗಿಂತ ಅಂತರಂಗವನ್ನು ದೊಡ್ಡದು ಮಾಡಿದರು. ಜೇವರ್ಗಿಯೇ ಆ ಪರಂಪರೆಯ ಒಂದು ನೆಲೆ. 17ನೇ ಶತಮಾನದಲ್ಲಿ ಷಣ್ಮುಖಸ್ವಾಮಿಗಳು ಅಖಂಡೇಶ್ವರ ಅಂಕಿತದಲ್ಲಿ ಏಳುನೂರಕ್ಕೂ ಹೆಚ್ಚು ವಚನ ಬರೆದು ಷಟ್‌ಸ್ಥಲದ ಹಾದಿಯನ್ನು ವಿವರಿಸಿದರು. ಒಳಗಿನ ಮೆಟ್ಟಿಲು ಹತ್ತಬೇಕಾದವನಿಗೆ ನೂರು ಕಿಲೋಮೀಟರಿನ ಈ ತುಳಿತ ಏಕೆ? ಆದರೆ ಶರಣರು ತಳ್ಳಿಹಾಕಿದ್ದು ಸ್ಥಳಕ್ಕೆ ಅಂಟಿಕೊಂಡ ಪುಣ್ಯದ ಎಣಿಕೆಯನ್ನು, ಚಲನೆಯನ್ನಲ್ಲ, ಸಂಗವನ್ನಂತೂ ಅಲ್ಲವೇ ಅಲ್ಲ. ಅನುಭಾವ ಒಬ್ಬಂಟಿಯ ಗುಹೆಯಲ್ಲಿ ಬೆಳೆಯಲಿಲ್ಲ, ಕಲ್ಯಾಣದ ಗೋಷ್ಠಿಯಲ್ಲಿ ಬೆಳೆಯಿತು. ನಾನು ಇಲ್ಲಿ ಹೇಳುತ್ತಿರುವುದೂ ಊರಿನಿಂದ ಊರಿಗೆ ಸೇರಿ ಗಳಿಸುವ ಪುಣ್ಯದ ಮಾತಲ್ಲ. ಗಾಣಗಾಪುರ ಮುಟ್ಟದೆ ಅರ್ಧ ದಾರಿಯಲ್ಲಿ ಗೆಳೆಯನಿಗಾಗಿ ಹಿಂದಿರುಗಿದವರು ಏನನ್ನೂ ಕಳೆದುಕೊಂಡಿಲ್ಲ ಎಂಬುದು ನನ್ನ ವಾದದ ನೇರ ಫಲ, ಮತ್ತು ಅದು ಶರಣರಿಗೆ ಒಪ್ಪಿಗೆಯಾಗಬಹುದಾದದ್ದೇ.

ಮೂರನೆಯ ಆಕ್ಷೇಪ ಏಕಾಂತದ್ದು. ಅಧ್ಯಾತ್ಮದ ಎತ್ತರದ ದಾರಿ ಒಬ್ಬಂಟಿಯದು, ಜೊತೆ ಎಂದರೆ ಮಾತು, ಮಾತೆಂದರೆ ಚಿತ್ತಚಾಂಚಲ್ಯ ಎನ್ನುವವರಿದ್ದಾರೆ. ಅವರಿಗೆ ಬಲವಾದ ಆಧಾರ ಬೌದ್ಧರ ಸುತ್ತನಿಪಾತದಲ್ಲಿದೆ. ಘೇಂಡಾಮೃಗದ ಕೊಂಬಿನಂತೆ ಒಬ್ಬನೇ ಸಂಚರಿಸು ಎಂಬುದು ಅದರ ಒಂದು ಸುತ್ತದ ಪಲ್ಲವಿ. ಆದರೆ ಅದೇ ಸುತ್ತ ನಡುವೆ ನಿಂತು, ವಿವೇಕಿಯಾದ ಜೊತೆಗಾರ ಸಿಕ್ಕರೆ ಎಲ್ಲ ಅಪಾಯಗಳನ್ನು ದಾಟಿ ಸಂತೋಷದಿಂದ ಅವನೊಡನೆ ನಡೆ, ಸಿಗದಿದ್ದರೆ ಒಬ್ಬನೇ ಹೋಗು ಎಂಬ ಅರ್ಥದ ಮಾತನ್ನೂ ಸೇರಿಸುತ್ತದೆ. ಒಳ್ಳೆಯ ಸ್ನೇಹ ಬ್ರಹ್ಮಚರ್ಯೆಯ, ಅಂದರೆ ಧರ್ಮಜೀವನದ, ಅರ್ಧ ಭಾಗವೆಂದು ಶಿಷ್ಯ ಆನಂದ ಹೇಳಿದಾಗ, ಹಾಗಲ್ಲ, ಅದೇ ಪೂರ್ತಿ ಎಂದು ಬುದ್ಧ ತಿದ್ದಿದನೆಂದು ಪಾಲಿ ಗ್ರಂಥಗಳು ತಿಳಿಸುತ್ತವೆ. ಇದೇ ಭೀಮೆಯ ದಂಡೆಯಲ್ಲಿ, ಸನ್ನತಿ–ಕನಗನಹಳ್ಳಿಯಲ್ಲಿ, ಬೌದ್ಧ ಸ್ತೂಪವೊಂದು ನಿಂತಿತ್ತು. ಅಶೋಕನ ಹೆಸರು ಕೆತ್ತಿದ ಶಿಲ್ಪ ದೊರೆತದ್ದು ಅಲ್ಲಿಯೇ. ಏಕಾಂತವನ್ನು ಅಷ್ಟು ಎತ್ತರದಲ್ಲಿಟ್ಟ ಮತವೂ ಈ ನದಿಯ ದಂಡೆಯಲ್ಲಿ ನೆಲೆಯೂರಿದ್ದು ಸಂಘವಾಗಿ. ಏಕಾಂತ ಬೇಕು, ನಿಜ. ಅದು ಜೊತೆಯ ನಡುವೆಯೂ ಸಿಗುತ್ತದೆ: ಇಬ್ಬರೂ ಮಾತಿಲ್ಲದೆ ತುಳಿಯುವ ದೀರ್ಘ ಗಳಿಗೆಗಳಲ್ಲಿ ಒಬ್ಬರ ಮೌನವನ್ನು ಇನ್ನೊಬ್ಬರು ಕಾಯುತ್ತಾರೆ.

ಜೊತೆಗಿದ್ದ ಮಾತ್ರಕ್ಕೆ ಜೊತೆಗಾರರಾಗುವುದಿಲ್ಲ ಎಂಬ ಎಚ್ಚರವನ್ನೂ ಈ ದಾರಿಯೇ ಕೊಡುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಯಖ್ ಎಂದು ಪ್ರಸಿದ್ಧರಾದ ಸೂಫಿ ಸಂತ ಹಜರತ್ ಶೇಖ್ ಅಲಾವುದ್ದೀನ್ ಅನ್ಸಾರಿಯವರ ದರ್ಗಾ ಇದೆ. ಅದೇ ಆವರಣದಲ್ಲಿ ರಾಘವ ಚೈತನ್ಯ ಶಿವಲಿಂಗವಿದೆ. ಆ ಹೆಸರು ತುಕಾರಾಮರ ಗುರುಪರಂಪರೆಯಲ್ಲಿ ಬರುವ ಹೆಸರು. ಎರಡೂ ಧರ್ಮದವರು ತಲೆಮಾರುಗಳಿಂದ ಅಲ್ಲಿಗೆ ಬಂದವರೇ. ಆದರೂ 2022ರ ಮಹಾಶಿವರಾತ್ರಿಯ ಹೊತ್ತಿಗೆ ಅಲ್ಲಿ ಘರ್ಷಣೆಯಾಯಿತು, ಮುಂದೆ ಪೂಜೆಯ ವಿಷಯ ಕೋರ್ಟಿನ ಮೆಟ್ಟಿಲೇರಿತು. ಹಕ್ಕುಗಳನ್ನು ನ್ಯಾಯಾಲಯ ತೀರ್ಮಾನಿಸಬಲ್ಲದು, ತೀರ್ಮಾನಿಸಲಿ. ಅಕ್ಕಪಕ್ಕ ಇರುವುದನ್ನು ಜೊತೆಗಿರುವುದಾಗಿ ಮಾಡುವ ಕೆಲಸ ಮಾತ್ರ ಯಾವ ಆದೇಶದಿಂದಲೂ ಆಗದು. ಅದಕ್ಕೆ ಬೇಕಾದದ್ದು ಸೈಕಲ್ ದಾರಿಯಲ್ಲಿ ಬೇಕಾದದ್ದೇ: ಇನ್ನೊಬ್ಬರ ಭಯಕ್ಕೆ ಕಿವಿಗೊಡುವುದು, ಅವರಿಗೆ ಗಾಳಿಮರೆಯ ಜಾಗ ಬಿಡುವುದು, ನನ್ನ ವೇಗವೊಂದೇ ಸರಿಯಾದ ವೇಗವೆಂಬ ಹಟ ಕೈಬಿಡುವುದು. ಒಂದೇ ದಾರಿಯ ಮೇಲೆ ಒಂದೇ ಮಳೆಗೆ ನೆನೆಯುವವರು ದೇವರನ್ನು ಬೇರೆ ಬೇರೆ ಹೆಸರಿಂದ ಕರೆದರೂ ನೆನೆಯುವುದರಲ್ಲಿ ಭೇದವಿಲ್ಲ.

ಇಷ್ಟು ಹೇಳಿದ ಮೇಲೆ ತೀರ್ಮಾನ ಕಷ್ಟವಲ್ಲ. ಹವೆಯನ್ನು ತಿಳಿಯಲು ಎಷ್ಟು ಸಾಧ್ಯವೋ ಅಷ್ಟು ತಿಳಿದುಕೊಳ್ಳಬೇಕು, ಅದು ಪುರುಷಕಾರ. ತಿಳಿಯಲಾಗದ್ದನ್ನು ಮುನಿಸಿಲ್ಲದೆ ಒಪ್ಪಬೇಕು, ಅದು ದೈವಕ್ಕೆ ಸಲ್ಲಬೇಕಾದ ಗೌರವ. ಈ ಎರಡನ್ನೂ ಮಾಡಿದವನು ಜಾಣನಾಗಬಹುದು, ಶಾಂತನೂ ಆಗಬಹುದು. ಜೊತೆಗಾರನನ್ನು ಮರೆತರೆ ಧಾರ್ಮಿಕನಾಗಲಾರ. ಮಳೆಗಾಲದಲ್ಲಿ ಗೆಳೆಯರೊಡನೆ ಈ ಬಯಲಿಗೆ ಸೈಕಲ್ ಹೊರಡಿಸುವವರು ದಯವಿಟ್ಟು ಹೊರಡಿ, ಆ ಹಸಿರನ್ನೂ ಆ ಆಕಾಶವನ್ನೂ ಕಣ್ತುಂಬ ನೋಡಿ. ಹೊಳೆಯ ಮಟ್ಟ ವಿಚಾರಿಸಿಕೊಂಡು ಹೋಗಿ, ಗುಡುಗಿದರೆ ನಿಲ್ಲಿ, ಗಾಳಿಯನ್ನು ಸರದಿಯಲ್ಲಿ ಹೊರಿ, ಆಸರೆ ಕೊಟ್ಟ ಮನೆಯವರ ಬೆಳೆ ಹೇಗಿದೆಯೆಂದು ಕೇಳಿ. ಇಬ್ಬರಲ್ಲಿ ನಿಧಾನವಾದವರು ಯಾರೋ ಅವರ ವೇಗವನ್ನೇ ಆ ದಿನದ ವೇಗವಾಗಿ ಒಪ್ಪಿಕೊಳ್ಳಿ.